ಅಭಿನಯವೆಂಬ ಗುರುಕುಲ

ನಟಿಯೊಬ್ಬರು ನಿರ್ದೇಶನಕ್ಕೆ ಕೈಹಾಕಿದರೆಂದರೆ, ನಾಯಿಕೆಯ ಪಾತ್ರಗಳು ತಪ್ಪಿದುದರಿಂದಲೇ ಅವರು ಈ ಹಾದಿ ಹಿಡಿದರೆಂದು ತೀರ್ಮಾನಿಸಿಬಿಡುವುದು ನಮ್ಮ ಚಿತ್ರರಂಗದ ರೂಢಿ. ಬಂಗಾಳದ ಅಪರ್ಣಾ ಸೇನ್ ಅವರ ಕೃತಿಗಳನ್ನು ನೋಡುತ್ತ ಬಂದವರಿಗೆ ಈ ಮಾತಿನ ಪೊಳ್ಳುತನ ತಾನಾಗಿಯೇ ವಿದಿತವಾಗುತ್ತದೆ. 1947ರಲ್ಲಿ ಸತ್ಯಜಿತ್ ರಾಯ್ ಅವರೊಡನೆ ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ವಿಮರ್ಶಕ ಚಿದಾನಂದ ದಾಸಗುಪ್ತರ ಈ ಮಗಳು, 16 ತುಂಬುವ ಮುನ್ನವೇ ರಾಯ್ ಅವರ ‘ತೀನ್ ಕನ್ಯಾ’ದಲ್ಲಿ ರವೀಂದ್ರರ ಮೃಣ್ಮಯಿಯಾಗಿ ಕಾಣಿಸಿಕೊಂಡು, ಅನಂತರ ಜನಪ್ರಿಯ ನಾಯಿಕೆಯಾಗಿ ಬೆಳೆದು, ಇನ್ನೂ ಬೇಡಿಕೆಯಲ್ಲಿರುವಾಗಲೇ, 1981ರಲ್ಲಿ ‘36 ಚೌರಂಗಿ ಲೇನ್’ ಎಂಬ ತಮ್ಮ ಮೊದಲ ಚಿತ್ರವನ್ನು ಲೋಕದ ಮುಂದಿಟ್ಟರು.

ಆ ಚಿತ್ರದ ವಯೊಲೆಟ್ ಸ್ಟೋನ್‌ಹ್ಯಾಮ್ ಕಲ್ಕತ್ತೆಯ ಶಾಲೆಯೊಂದರಲ್ಲಿ ಷೇಕ್ಸ್‌ಪಿಯರನನ್ನು ಕಲಿಸುವ, ಬೆಕ್ಕಿನ ಹೊರತು ಮನೆಯಲ್ಲಿ ಮತ್ತೊಂದು ಜೀವವಿಲ್ಲದ ಆಂಗ್ಲೋ-ಇಂಡಿಯನ್ ವೃದ್ಧೆ. ಏಕಾಂತಕ್ಕೆ ತಾಣವಿಲ್ಲದೆ ಅಲೆಯುತ್ತಿದ್ದ ಹಳೆಯ ಶಿಷ್ಯೆಯೂ ಆಕೆಯ ಪ್ರಿಯಕರನೂ ಇವಳ ಮನೆಯನ್ನು ಬಳಸಿಕೊಂಡು, ಮದುವೆಯಾದೊಡನೆ ಇವಳನ್ನು ದೂರವಿಡುತ್ತಾರೆ. ತಾವು ಊರಲ್ಲಿರುವುದಿಲ್ಲವೆಂದು ಅವರು ಹೇಳಿದ್ದ ಕ್ರಿಸ್ಮಸ್ ರಾತ್ರಿ, ಕೇಕನ್ನು ಕೈಯಲ್ಲಿ ಹಿಡಿದು ಹೋದ ವಯೊಲೆಟ್, ಅವರ ಮನೆಯ ಒಳಗಿನ ಸಂತೋಷಕೂಟವನ್ನು ಹೊರಗೆ ನಿಂತು ಕಾಣುವಾಗ, ಅಳುವಾಗಲೀ ಆಕ್ರೋಶವಾಗಲೀ ಇಲ್ಲದೆ, ಆ ಪಾತ್ರ ವಹಿಸಿದ ಜೆನ್ನಿಫರ್ ಕೆಂಡಾಲ್ ಅವರ ಮುಖವೊಂದರಿಂದಲೇ ಸಮಸ್ತವೂ ವ್ಯಕ್ತವಾಗುತ್ತದೆ. ಆ ಮುಖಕ್ಕೆ ಎಷ್ಟು ಹೊತ್ತು ಅವಕಾಶ ಕೊಡಬೇಕು, ಎಲ್ಲಿ ಕ್ಯಾಮೆರಾ ಸುಮ್ಮನಿರಬೇಕು ಎಂಬ ಈ ವಿವೇಕವು, ಇಪ್ಪತ್ತು ವರ್ಷ ಸ್ವತಃ ಕ್ಯಾಮೆರಾದ ಮುಂದೆ ನಿಂತವರಿಗೆ ಅಭಿನಯವೇ ಕಲಿಸಿದ ವಿದ್ಯೆಯೆಂಬುದು ನನ್ನ ದೃಢವಾದ ನಂಬಿಕೆ. ಶ್ರೇಷ್ಠ ನಿರ್ದೇಶನಕ್ಕಾಗಿ ರಾಷ್ಟ್ರಪ್ರಶಸ್ತಿಯೂ ಆ ಚೊಚ್ಚಲ ಕೃತಿಗೇ ಸಂದಿತು.

‘ಪರಮಾ’ದಲ್ಲಿ ಗೃಹಿಣಿಯೊಬ್ಬಳು ಪರಪುರುಷನನ್ನು ಪ್ರೀತಿಸಿಯೂ ಪಶ್ಚಾತ್ತಾಪಪಡಲು ಒಪ್ಪದಿದ್ದುದು ಅನೇಕರನ್ನು ಕೆರಳಿಸಿತು. ನನಗೆ ಅದಕ್ಕಿಂತಲೂ ಪ್ರಿಯವಾದುದು 2000ದ ‘ಪಾರಮಿತಾರ್ ಏಕ್ ದಿನ್’. ವಿಚ್ಛೇದನದಿಂದ ಸಂಬಂಧ ಕಡಿದುಹೋದ ಮೇಲೂ ಅತ್ತೆಯ ರೋಗಶಯ್ಯೆಯ ಬಳಿಗೆ ಹಿಂದಿರುಗಿ ಬರುವ ಸೊಸೆಯ ಕಥೆ ಅದು. ಆ ಅತ್ತೆಯಾಗಿ ಅಪರ್ಣಾ ತಾವೇ ಅಭಿನಯಿಸಿದರು. ಅತ್ತೆ-ಸೊಸೆಯರ ಕಲಹವನ್ನೇ ಬಂಡವಾಳ ಮಾಡಿಕೊಂಡ ನಮ್ಮ ಭಾಷೆಗಳ ಚಿತ್ರಗಳ ನಡುವೆ ಇಂಥ ಸ್ನೇಹದ ಚಿತ್ರಣ ಎಷ್ಟು ದುರ್ಲಭ! 2002ರ ‘ಮಿಸ್ಟರ್ ಅಂಡ್ ಮಿಸೆಸ್ ಅಯ್ಯರ್’ ಅವರಿಗೆ ನಿರ್ದೇಶನದ ರಾಷ್ಟ್ರಪ್ರಶಸ್ತಿಯನ್ನು ಮತ್ತೊಮ್ಮೆ ತಂದಿತು.

ಕನ್ನಡದಲ್ಲಿ ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ‘ಫಣಿಯಮ್ಮ’ವನ್ನು ನಿರ್ದೇಶಿಸಿದ ಪ್ರೇಮಾ ಕಾರಂತರು ರಂಗಭೂಮಿಯಿಂದ ಬಂದವರು. ನಮ್ಮ ತೆರೆಯ ಮೇಲೆ ದಶಕಗಳ ಕಾಲ ತಾಯಿ, ಮಗಳು, ಪತ್ನಿಯರಾಗಿ ಬಾಳಿದ ನಟಿಯರು ಗಳಿಸಿಕೊಂಡ ಅರಿವು ಮಾತ್ರ ಬಹುಪಾಲು ವ್ಯರ್ಥವಾಗಿಯೇ ಹೋಗಿದೆ. ಅದಕ್ಕೆ ಕಾರಣ ಅವರ ಅಸಾಮರ್ಥ್ಯವಲ್ಲ, ಹಣ ಹೂಡುವವರ ಅವಿಶ್ವಾಸ. ಅಪರ್ಣಾ ತಮ್ಮ ಮೊದಲ ಚಿತ್ರಕಥೆಯನ್ನು ಹಿಡಿದು ಹೋದಾಗ ಅದನ್ನು ಓದಿ ಮೆಚ್ಚಿ ಪ್ರೋತ್ಸಾಹಿಸಲು ರಾಯ್ ಅವರಿದ್ದರು, ನಿರ್ಮಿಸಲು ಶಶಿ ಕಪೂರರಿದ್ದರು. ನಮ್ಮ ನಿರ್ಮಾಪಕರೂ ಅಷ್ಟನ್ನಾದರೂ ಮಾಡಲಿ: ನಟಿಯೊಬ್ಬರು ಚಿತ್ರಕಥೆಯೊಂದನ್ನು ತಂದಾಗ, ಇಲ್ಲವೆನ್ನುವ ಮೊದಲು ಅದನ್ನು ಪೂರ್ತಿಯಾಗಿ ಓದಲಿ.