ಮಗನ ಬೈಕು, ನೆರೆಯವರ ನಿದ್ದೆ

ಮಳೆಗಾಲ ಮುಗಿದು ಘಟ್ಟದ ರಸ್ತೆಗಳು ಒಣಗುತ್ತಿದ್ದಂತೆಯೇ ನಮ್ಮ ಯುವಕರ ಬೈಕ್ ಪ್ರವಾಸಗಳು ಆರಂಭವಾಗುತ್ತವೆ. ಚಾರ್ಮಾಡಿಯ ಮೂಲಕ ಚಿಕ್ಕಮಗಳೂರು, ಆಗುಂಬೆಯ ಮೂಲಕ ತೀರ್ಥಹಳ್ಳಿ, ರಜೆಯೂ ಹಣವೂ ಕೂಡಿಬಂದರೆ ಗೋವಾ, ಮುನ್ನಾರ್, ಲಡಾಖ್ ಎಂದು ಅವರ ಆಸೆ ಬೆಳೆಯುತ್ತಲೇ ಹೋಗುತ್ತದೆ. ಸ್ವಂತ ದುಡಿಮೆಯ ಹಣದಿಂದಲೋ, ಕೊಲ್ಲಿ ರಾಷ್ಟ್ರದಲ್ಲಿರುವ ತಂದೆ ಕಳುಹಿಸಿದ ಹಣದಿಂದಲೋ ದೂರಪ್ರಯಾಣಕ್ಕೆ ತಕ್ಕ ದೊಡ್ಡ ಬೈಕನ್ನು ಕೊಂಡು ನಾಡು ಸುತ್ತುವುದನ್ನು ನಾವು ತಪ್ಪೆಂದು ಭಾವಿಸುವುದಿಲ್ಲ. ಊರು ನೋಡಿದವನ ಮನಸ್ಸು ವಿಶಾಲವಾಗುತ್ತದೆ. ಆದರೆ ಹೊಸ ಬೈಕು ಮನೆಗೆ ಬಂದ ಕೆಲವೇ ವಾರಗಳಲ್ಲಿ ಕಂಪನಿಯ ಸೈಲೆನ್ಸರನ್ನು ಕಳಚಿಸಿ, ಹೊರಗಿನ ಅಂಗಡಿಯಿಂದ ತಂದ ಅಬ್ಬರದ ಸೈಲೆನ್ಸರನ್ನು ಹಾಕಿಸುವ ಚಾಳಿಯೊಂದು ಬೆಳೆದುಬಂದಿದೆ. ಇದು ಪ್ರತಿಯೊಂದು ಕುಟುಂಬವೂ ಕುಳಿತು ಯೋಚಿಸಬೇಕಾದ ವಿಷಯವೆಂದು ನಮಗೆ ತೋರುತ್ತದೆ.

ಸೈಲೆನ್ಸರ್ ಎಂಬುದು ಬರಿಯ ಹೊಗೆ ಕೊಳವೆಯಲ್ಲ. ಎಂಜಿನಿನೊಳಗೆ ಪ್ರತಿ ಬಾರಿ ಪೆಟ್ರೋಲು ಉರಿದಾಗಲೂ ಬಿಸಿಯಾದ ಅನಿಲವು ಭಾರೀ ಒತ್ತಡದಿಂದ ಹೊರಗೆ ನುಗ್ಗುತ್ತದೆ. ಸೈಲೆನ್ಸರಿನ ಒಳಗಿನ ಕೋಣೆಗಳಲ್ಲಿಯೂ ತೂತುಗಳುಳ್ಳ ನಳಿಗೆಗಳಲ್ಲಿಯೂ ಅದು ಹರಡಿಕೊಂಡು, ಶಬ್ದದ ಅಲೆಗಳು ಒಂದನ್ನೊಂದು ಕುಗ್ಗಿಸಿ, ಕೊನೆಗೆ ಸಹಿಸಬಹುದಾದ ಧ್ವನಿಯಾಗಿ ಹೊರಬೀಳುತ್ತದೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮಗಳು ಜಾರಿಗೆ ಬಂದ ಮೇಲೆ ಈ ಕೊಳವೆಗಳಿಗೆ ಇನ್ನೊಂದು ಹೊಣೆಯೂ ಇದೆ. ಅವುಗಳೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಜೇನುಗೂಡಿನಂಥ ಭಾಗವು ಕಾರ್ಬನ್ ಮಾನಾಕ್ಸೈಡ್ ಮೊದಲಾದ ವಿಷಾನಿಲಗಳನ್ನು ಬಹುಮಟ್ಟಿಗೆ ನಿರುಪದ್ರವಿಯಾಗಿ ಮಾಡುತ್ತದೆ. ಅಲ್ಲಿಯೇ ಇರುವ ಆಕ್ಸಿಜನ್ ಸೆನ್ಸರ್, ಎಂಜಿನಿಗೆ ಎಷ್ಟು ಪೆಟ್ರೋಲು ಬೇಕೆಂಬ ಲೆಕ್ಕಕ್ಕೆ ಆಧಾರ ಒದಗಿಸುತ್ತದೆ.

ಇದನ್ನು ಬದಲಿಸುವ ಕೆಲಸವಾದರೋ ಬಲು ಸುಲಭ. ‘ಸ್ಲಿಪ್ ಆನ್’ ಎನ್ನುವ ಬಗೆಯಲ್ಲಿ ಹಿಂದಿನ ಡಬ್ಬಿಯನ್ನಷ್ಟೇ ಕ್ಲ್ಯಾಂಪು ಸಡಿಲಿಸಿ ಕಳಚಿ, ಹೊಸದನ್ನು ತೂರಿಸಿ ಬಿಗಿಯುತ್ತಾರೆ. ಗ್ಯಾರೇಜಿನಲ್ಲಿ ಒಂದು ಗಂಟೆಯೂ ಹಿಡಿಯದ ಕೆಲಸವದು. ಎಂಜಿನಿನ ಬಾಯಿಯಿಂದಲೇ ಹೊರಡುವ ಬೆಂಡ್ ಪೈಪನ್ನೂ ಸೇರಿಸಿ ಬದಲಿಸುವುದು ಇನ್ನೊಂದು ಬಗೆ. ಕನ್ವರ್ಟರ್ ಇದ್ದ ಭಾಗವನ್ನು ತೆಗೆದುಹಾಕಿದರೆ ಅದು ಗೋಣಿಚೀಲ ಸೇರುತ್ತದೆ, ಅದು ತಡೆಯುತ್ತಿದ್ದ ವಿಷಾನಿಲ ರಸ್ತೆಯನ್ನು ಸೇರುತ್ತದೆ. ಹೊಸ ಸೈಲೆನ್ಸರಿನ ತುದಿಯಲ್ಲಿ ಸದ್ದು ತಗ್ಗಿಸುವ ‘ಡಿಬಿ ಕಿಲ್ಲರ್’ ಎಂಬ ಚಿಕ್ಕ ತುಂಡನ್ನು ಕೆಲವು ತಯಾರಕರು ಇಟ್ಟಿರುತ್ತಾರೆ. ಒಂದೇ ಬೋಲ್ಟು ತಿರುಗಿಸಿದರೆ ಅದೂ ಹೊರಗೆ. ಜೋಡಣೆಯ ಸಂದಿಯಲ್ಲಿ ಗಾಳಿ ಸೋರಿದರೆ ಸೆನ್ಸರಿನ ಲೆಕ್ಕ ತಪ್ಪುತ್ತದೆ. ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಕೊಳವೆಯೊಳಗೆ ಉಳಿದ ಪೆಟ್ರೋಲು ಪಟಪಟನೆ ಸಿಡಿಯುತ್ತದೆ. ಆ ಸಿಡಿತವನ್ನೇ ಶೌರ್ಯದ ಲಕ್ಷಣವೆಂದು ತಿಳಿಯುವವರಿದ್ದಾರೆ.

ಯುವಕರು ಇದಕ್ಕೆ ಕಾರಣಗಳನ್ನು ಕೊಡುತ್ತಾರೆ. ಅವುಗಳನ್ನು ನ್ಯಾಯವಾಗಿ ತೂಗಿ ನೋಡುವುದು ಹಿರಿಯರ ಕರ್ತವ್ಯ. ಕಂಪನಿಯ ಸೈಲೆನ್ಸರ್ ಭಾರವಾಗಿದೆ, ಕರಾವಳಿಯ ಹವೆಗೆ ತುಕ್ಕು ಹಿಡಿಯುತ್ತದೆ ಎನ್ನುವ ಮಾತಿನಲ್ಲಿ ಸತ್ಯವಿದೆ. ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ ಹಗುರವೂ ಬಾಳಿಕೆಯುಳ್ಳದ್ದೂ ಹೌದು. ಆದರೆ ಹಗುರವಾಗಿರಲು ಅದು ಅಬ್ಬರಿಸಲೇಬೇಕೆಂದಿಲ್ಲ. ಶಕ್ತಿ ಹೆಚ್ಚುತ್ತದೆ ಎಂಬುದು ಎರಡನೆಯ ಕಾರಣ. ಇಂಧನದ ಲೆಕ್ಕಾಚಾರವನ್ನು ಹೊಂದಿಸದೆ ಹಿಂದಿನ ಡಬ್ಬಿಯನ್ನಷ್ಟೇ ಬದಲಿಸಿದರೆ ಸಿಗುವ ಶಕ್ತಿ ಅತ್ಯಲ್ಪ. ಹಿಂಬದಿಯಲ್ಲಿ ಒಬ್ಬರನ್ನು ಕೂರಿಸಿಕೊಂಡು, ಎರಡೂ ಬದಿಗೆ ಚೀಲ ಕಟ್ಟಿಕೊಂಡು ಘಟ್ಟ ಏರುವವನಿಗೆ ಬೇಕಾದದ್ದು ಕಡಿಮೆ ವೇಗದಲ್ಲಿ ಎಳೆಯುವ ಬಲ. ಹೊಂದಾಣಿಕೆಯಿಲ್ಲದ ಕೊಳವೆಯಿಂದ ಅನೇಕ ಬಾರಿ ಕುಂದುವುದು ಆ ಬಲವೇ.

ಸದ್ದು ಹಿತವಾಗಿದೆ ಎಂಬ ಮಾತನ್ನು ಹತ್ತು ನಿಮಿಷದ ಸವಾರಿಯ ಮಟ್ಟಿಗೆ ಒಪ್ಪೋಣ. ದಿನಕ್ಕೆ 8 ಗಂಟೆ ಕಾಲ 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿಗೆ ಕಿವಿಯನ್ನು ಒಡ್ಡಬಾರದೆಂಬುದು ತಜ್ಞರು ಒಪ್ಪಿದ ಮಿತಿ. ಹೆದ್ದಾರಿಯಲ್ಲಿ ಹೆಲ್ಮೆಟ್ಟಿಗೆ ಬಡಿಯುವ ಗಾಳಿಯ ಸದ್ದೇ ಕಿವಿಗೆ ಸಾಕಷ್ಟು ಹೊರೆ. ಅದರ ಮೇಲೆ ಒಂದೇ ಸಮನೆ ಗುಂಯ್‌ಗುಡುವ ಕೊಳವೆಯೂ ಸೇರಿದರೆ ದೂರದ ಸವಾರ ಬೇಗನೆ ಬಳಲುತ್ತಾನೆ. ಬಳಲಿದ ಸವಾರನ ಗಮನ ತಪ್ಪುತ್ತದೆ. ಪ್ರವಾಸದ ಬೈಕಿಗೆ ಎಲ್ಲಕ್ಕಿಂತ ಕಡಿಮೆ ಹೊಂದುವ ವಸ್ತುವೆಂದರೆ ಅಬ್ಬರದ ಸೈಲೆನ್ಸರೇ ಎಂಬುದು ನಮ್ಮ ಅಭಿಮತ.

ಜೋರಾದ ಸದ್ದು ಸವಾರನ ಪ್ರಾಣ ಉಳಿಸುತ್ತದೆ ಎಂಬ ವಾದವೂ ಇದೆ. ತಾಯಂದಿರ ಮನಸ್ಸನ್ನು ಕರಗಿಸುವ ವಾದವಿದು. ಆದರೆ ಕೊಳವೆಯ ಬಾಯಿ ಇರುವುದು ಹಿಂದಕ್ಕೆ, ಅಪಾಯ ಬರುವುದು ಹೆಚ್ಚಾಗಿ ಮುಂದಿನಿಂದ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರು ನಡೆಸಿ 1981ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದ ಪ್ರಕಾರ, ಬೇರೆ ವಾಹನಗಳೊಂದಿಗಿನ ಡಿಕ್ಕಿಗಳಿಗೆ ಮುಖ್ಯ ಕಾರಣ ಆ ಚಾಲಕರು ಬೈಕನ್ನು ಕಾಣದೇ ಹೋದದ್ದು. ಹಗಲಿನಲ್ಲಿಯೂ ಉರಿಯುವ ಹೆಡ್‌ಲೈಟು ಅಪಘಾತವನ್ನು ತಗ್ಗಿಸುತ್ತದೆಂದೂ ಆ ಅಧ್ಯಯನ ತೋರಿಸಿತು. ನಮ್ಮ ದೇಶದಲ್ಲಿ 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಸದಾ ಉರಿಯುವಂತೆ ಮಾಡಿರುವುದು ಕಣ್ಣಿಗೆ ಬೀಳಲೆಂದೇ ಹೊರತು ಕಿವಿಗೆ ಬೀಳಲೆಂದಲ್ಲ.

“ಅಪ್ಪನ ಬುಲೆಟ್ಟಿಗೂ ಸದ್ದಿತ್ತಲ್ಲ?” ಎಂದು ಮಕ್ಕಳು ಕೇಳುವುದುಂಟು. 1955ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿದ ಆ ಬೈಕಿನ ಎಂಜಿನು ನಿಧಾನವಾಗಿ ತಿರುಗುವಂಥದು. ಒಂದೊಂದು ಬಡಿತವೂ ಬಿಡಿಬಿಡಿಯಾಗಿ ಕೇಳುತ್ತಿದ್ದ ಆ ಗಂಭೀರ ನಾದವು ಕಾರ್ಖಾನೆಯ ಸೈಲೆನ್ಸರಿನಿಂದಲೇ ಬರುತ್ತಿತ್ತು. ಸೈಲೆನ್ಸರನ್ನು ಕಿತ್ತು ಊರನ್ನು ಎಬ್ಬಿಸುವುದು ಬೇರೆ ಮಾತು.

ಕಾನೂನು ಇಲ್ಲಿ ಅಸ್ಪಷ್ಟವಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯ ಬಳಿಕ, ಶಬ್ದ ಹಾಗೂ ವಾಯುಮಾಲಿನ್ಯದ ಮಿತಿಯನ್ನು ಮೀರಿದ ಮೊದಲ ಅಪರಾಧಕ್ಕೇ 10,000 ರೂಪಾಯಿಯವರೆಗೆ ದಂಡ, 3 ತಿಂಗಳವರೆಗೆ ಸೆರೆವಾಸ, ಲೈಸೆನ್ಸಿನ ಅಮಾನತು ಇವುಗಳಿಗೆ ಕಾಯಿದೆಯಲ್ಲಿ ಅವಕಾಶವಿದೆ. ಪೋಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಅವುಗಳ ಮೇಲೆ ರೋಡ್ ರೋಲರ್ ಓಡಿಸುವ ಚಿತ್ರಗಳನ್ನು ನಮ್ಮ ಓದುಗರು ಪತ್ರಿಕೆಗಳಲ್ಲಿ ನೋಡಿಯೇ ಇರುತ್ತಾರೆ.

ಆದರೆ ದಂಡದ ಭಯಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ: ಈ ಸುಖದ ಬೆಲೆಯನ್ನು ತೆರುವವರು ಯಾರು? 175 ಸಿಸಿಗಿಂತ ದೊಡ್ಡ ಬೈಕಿಗೆ ತಯಾರಿಕೆಯ ಹಂತದಲ್ಲಿ ನಿಗದಿಯಾದ ಮಿತಿ 80 ಡೆಸಿಬೆಲ್. ಹೊಸ ಕೊಳವೆಯಿಂದ ಅದು 100ಕ್ಕೇರಿದರೆ ಶಬ್ದದ ಶಕ್ತಿ ನೂರು ಪಟ್ಟಾಗುತ್ತದೆ. ಕಿವಿಗೆ ಸುಮಾರು ನಾಲ್ಕು ಪಟ್ಟು ಜೋರಾಗಿ ಕೇಳುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ರಾತ್ರಿಯ ಹೊತ್ತು ಬಯಸುವುದು 45 ಡೆಸಿಬೆಲ್. ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರುಗಳ ನಿಶ್ಶಬ್ದ ವಲಯದಲ್ಲಿ ರಾತ್ರಿಯ ಮಿತಿ 40. ಬೆಳಗಿನ ನಾಲ್ಕು ಗಂಟೆಗೆ ಪ್ರವಾಸ ಹೊರಟ ಐದು ಬೈಕುಗಳು ಅರ್ಧ ನಿಮಿಷದಲ್ಲಿ ಕಣ್ಮರೆಯಾಗುತ್ತವೆ. ಎಚ್ಚರಗೊಂಡ ಹಸುಗೂಸನ್ನು ತಾಯಿ ಮತ್ತೆ ಮಲಗಿಸಬೇಕು. ಪಾರ್ಶ್ವವಾಯು ಬಡಿದ ವೃದ್ಧರಿಗೆ ಮತ್ತೆ ನಿದ್ದೆ ಹತ್ತುವುದಿಲ್ಲ. ರಾತ್ರಿಪಾಳಿ ಮುಗಿಸಿ ಆಗಷ್ಟೇ ತಲೆಯಿಟ್ಟ ದಾದಿಗೆ ವಿಶ್ರಾಂತಿ ತಪ್ಪಿತು. ಇವರಾರನ್ನೂ ಸವಾರ ಕಂಡವನಲ್ಲ, ಇವರ ಅಪ್ಪಣೆಯನ್ನೂ ಕೇಳಿದವನಲ್ಲ. ನೆರೆಯವರ ಬಗೆಗಿನ ಕರ್ತವ್ಯವನ್ನು ಧರ್ಮೋಪದೇಶದ ತರಗತಿಯಲ್ಲಿ ಕಲಿತವರಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೆ?

ಕೇವಲ ಗದರಿಸಿ ಇದನ್ನು ನಿಲ್ಲಿಸಲಾಗದು. ರೋಸ್ ಸಮಾರಂಭದಲ್ಲಿ ರಾತ್ರಿ ಹನ್ನೆರಡರವರೆಗೆ ಧ್ವನಿವರ್ಧಕ ಮೊಳಗಿಸುವ ಮನೆಯ ಹಿರಿಯರು ಮಗನ ಸೈಲೆನ್ಸರಿನ ವಿಷಯ ಎತ್ತಿದರೆ ಅವನು ನಗುವುದು ಸಹಜ. ರಾತ್ರಿ ಹತ್ತಕ್ಕೆ ಧ್ವನಿವರ್ಧಕವನ್ನು ನಿಲ್ಲಿಸುವ ಮನೆಯ ಮಾತಿಗೆ ಮಾತ್ರ ತೂಕವಿರುತ್ತದೆ. ಹಣ ಕೊಡುವ ತಂದೆತಾಯಿಯರು ಬೈಕು ಬುಕ್ ಮಾಡುವ ಮೊದಲೇ ಈ ವಿಷಯವನ್ನು ಮಾತಾಡಿ ಮುಗಿಸಬೇಕು. ಮಾರ್ಪಡಿಸಿದ ಭಾಗದಿಂದ ದೋಷ ಉಂಟಾದರೆ ವಾರಂಟಿಯನ್ನು ನಿರಾಕರಿಸಲು ಕಂಪನಿಗೆ ಕಾರಣ ಸಿಗುತ್ತದೆಂಬುದನ್ನೂ ತಿಳಿಸಬೇಕು. ತುಕ್ಕು ಹಿಡಿದು ಬದಲಿಸಲೇಬೇಕಾದಲ್ಲಿ ಕಂಪನಿಯ ಮೂಲ ಸೈಲೆನ್ಸರನ್ನೇ ಹಾಕಿಸಲಿ. ಅಬ್ಬರಕ್ಕೆಂದು ಮೀಸಲಿಟ್ಟ ಹಣದಿಂದ ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್, ಮೊಣಕೈ-ಭುಜಗಳಿಗೆ ರಕ್ಷಣೆಯುಳ್ಳ ಜಾಕೆಟ್, ಕೈಗವಸು, ಹೊಸ ಟಯರುಗಳನ್ನು ಕೊಡಿಸಲಿ. ಮಗನ ಪ್ರಾಣದ ಬಗೆಗಿನ ಕಾಳಜಿ ನಿಜವಾದದ್ದಾದರೆ ಅದನ್ನು ತೋರಿಸುವ ದಾರಿ ಇದು.

ನಮ್ಮ ಮಕ್ಕಳು ದೂರ ಹೋಗಲಿ, ಬೆಟ್ಟ ಕಡಲು ನೋಡಲಿ, ಕ್ಷೇಮವಾಗಿ ಮರಳಲಿ. ಅವರು ಹಾದುಹೋದ ಊರುಗಳು ಮಾತ್ರ ನೆಮ್ಮದಿಯಿಂದ ನಿದ್ರಿಸುತ್ತಿರಲಿ.