ಅರಗುತ್ತಿಲ್ಲ ಎಂದೊಡನೆ ವಿಟಮಿನ್ ಗುಳಿಗೆಯೇ?

ಬಸವಕಲ್ಯಾಣವಿರಲಿ, ಹುಮನಾಬಾದ್ ಇರಲಿ, ದವಾಖಾನೆಗೆ ಬರುವ ಅನೇಕರ ಮಾತು ಒಂದೇ: "ಹಕೀಮ್ ಸಾಬ್, ತಿಂದದ್ದು ಅರಗುತ್ತಿಲ್ಲ, ತಾಕತ್ತಿನ ಗುಳಿಗೆ ಬರೆದುಕೊಡಿ." ತಾವೇ ಬಿ-ಕಾಂಪ್ಲೆಕ್ಸ್ ತಂದು ತಿಂಗಳುಗಟ್ಟಲೆ ನುಂಗಿ ಬಂದವರೂ ಇದ್ದಾರೆ. ವಿಟಮಿನ್ ನುಂಗಿದರೆ ಜೀರ್ಣರಸ ಚುರುಕಾಗುತ್ತದೆ ಎಂಬ ಈ ನಂಬಿಕೆ ಅರ್ಧ ಮಾತ್ರ ಸರಿ.

ಬಾಯಿಯ ಅಮೈಲೇಸ್, ಜಠರದ ಪೆಪ್ಸಿನ್, ಮೇದೋಜೀರಕ ಗ್ರಂಥಿಯ ಲೈಪೇಸ್ ಎಂಬ ಕಿಣ್ವಗಳ ಕೆಲಸಕ್ಕೆ ವಿಟಮಿನ್ ನೇರವಾಗಿ ಬೇಕಿಲ್ಲ. ಪೆಪ್ಸಿನ್‌ಗೆ ಆಮ್ಲ ಬೇಕು, ಲೈಪೇಸ್‌ಗೆ ಪಿತ್ತರಸದ ನೆರವು ಬೇಕು, ಅಮೈಲೇಸ್‌ಗೆ ಕ್ಯಾಲ್ಸಿಯಂ ಬೇಕು. ಬಿ ಗುಂಪಿನ ವಿಟಮಿನ್‌ಗಳು ಜೊತೆಗಾರರಾಗುವುದು ಮುಂದಿನ ಹಂತದಲ್ಲಿ, ರಕ್ತ ಸೇರಿದ ಆಹಾರವನ್ನು ಶಕ್ತಿಯಾಗಿಸುವ ಜೀವಕೋಶಗಳ ಕಿಣ್ವಗಳಿಗೆ. ಯುನಾನಿಯಲ್ಲಿ ಹಜ್ಮ್‌ಗೆ ನಾಲ್ಕು ಹಂತ: ಜಠರ, ಯಕೃತ್ತು, ರಕ್ತನಾಳ, ಅಂಗಾಂಗ. ವಿಟಮಿನ್‌ಗಳ ಕೆಲಸವನ್ನು ಹೆಚ್ಚಾಗಿ ಕೊನೆಯ ಹಂತಕ್ಕೆ ಹೋಲಿಸಬಹುದು.

ಹಾಗೆಂದು ವಿಟಮಿನ್ ಕೊರತೆ ಹೊಟ್ಟೆಯನ್ನು ಬಿಡುವುದಿಲ್ಲ. ಬರೀ ಜೋಳದ ರೊಟ್ಟಿಯ ಮೇಲೆ ಬದುಕಿದ ದಖ್ಖನಿನ ಬಡವರಲ್ಲಿ ಹಿಂದೆ ಪೆಲ್ಲಾಗ್ರ ಕಾಣುತ್ತಿತ್ತು. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಲ್ಲಿ ಈ ಬಗ್ಗೆ ಬರೆದರು. ನಯಾಸಿನ್ ಕಡಿಮೆಯಾದರೆ ಬಿಸಿಲು ಬೀಳುವ ಕತ್ತು, ಕೈ ಕಪ್ಪಾಗುತ್ತವೆ. ಕರುಳಿನ ಒಳಪದರ ಕ್ಷೀಣಿಸಿ ಭೇದಿ ಹತ್ತುತ್ತದೆ. ತಪ್ಪು ಜೋಳದ್ದಲ್ಲ, ಜೊತೆಗೆ ಬೇರೇನೂ ಇಲ್ಲದ ತಟ್ಟೆಯದು.

ಎಷ್ಟೋ ಸಲ ಸಂಬಂಧ ತಿರುಗುಮುರುಗಾಗಿರುತ್ತದೆ. ಜೀರ್ಣಕ್ರಿಯೆ ಸರಿಯಿದ್ದರೆ ತಾನೇ ವಿಟಮಿನ್ ಒಳಗೆ ಸೇರುವುದು! ಎ, ಡಿ, ಇ, ಕೆಗೆ ಪಿತ್ತರಸ ಮತ್ತು ಲೈಪೇಸ್ ಬೇಕು. ಬಿ12ಕ್ಕೆ ಜಠರದ ಆಮ್ಲವೂ ಅಲ್ಲೇ ತಯಾರಾಗುವ ಒಂದು ಪ್ರೋಟೀನೂ ಬೇಕು. ಆಮ್ಲ ತಗ್ಗಿಸುವ ಗುಳಿಗೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯಬಹುದು.

ನನ್ನ ತಪ್ಪನ್ನೂ ಹೇಳುತ್ತೇನೆ. ಅಜೀರ್ಣವೆಂದು ಬಂದ ತಾಯಿಯೊಬ್ಬರಿಗೆ ಎರಡು ತಿಂಗಳು ಜವಾರಿಶ್ ಕೊಟ್ಟೆ. ಅಂಗಾಲು ಜುಮ್ಮೆನ್ನುತ್ತದೆ ಎಂದು ಅವರು ಹೇಳಿದ ಮೇಲೆಯೇ ಹಳೆಯ ಗುಳಿಗೆಗಳ ಚೀಟಿ ಕೇಳಿ ನೋಡಿದ್ದು. ಎರಡೂ ಗುಳಿಗೆ ಅದರಲ್ಲಿದ್ದವು. ರಕ್ತಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ. ಮೊದಲ ದಿನವೇ ಕೇಳಬೇಕಿತ್ತು.

ಆದ್ದರಿಂದ ನನ್ನ ಮನವಿ ಇಷ್ಟೇ. ರೊಟ್ಟಿಯೊಂದಿಗೆ ತೊಗರಿಬೇಳೆ, ಸೊಪ್ಪು, ಶೇಂಗಾ ಹಿಂಡಿ ಇರಲಿ. ಹಾಲು, ಮೊಟ್ಟೆ, ಮೀನು ಅಥವಾ ಮಾಂಸ ಮನೆಯ ಹೆಣ್ಣುಮಕ್ಕಳ ತಟ್ಟೆಗೂ ಬರಲಿ. ಎರಡು ವಾರ ಕಳೆದರೂ ಅಜೀರ್ಣ ಹೋಗದಿದ್ದರೆ, ತೂಕ ಇಳಿದರೆ, ಕಾಲು ಜುಮ್ಮೆಂದರೆ ತಪಾಸಣೆ ಮಾಡಿಸಿ. ಮೆಟ್‌ಫಾರ್ಮಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಬಿ12 ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಯಾವ ಹಕೀಮರ ಬಳಿಗೆ, ಯಾವ ಡಾಕ್ಟರ ಬಳಿಗೆ ಹೋದರೂ ನುಂಗುತ್ತಿರುವ ಎಲ್ಲ ಗುಳಿಗೆಗಳ ಚೀಟಿ ಜೊತೆಗಿರಲಿ. ಅವರು ಕೇಳದಿದ್ದರೂ ತೋರಿಸಿ.