ನೆಲ್ಲು ಕದ್ದವನು ಮಠಕ್ಕೆ ಬಂದರೆ



ಸುಗ್ಗಿಯ ದಿನಗಳಲ್ಲಿ ಸಿಂಧನೂರಿನಿಂದ ಜವಳಗೇರಾ ಮಾರ್ಗವಾಗಿ ರಾಯಚೂರಿಗೆ ಹೋದವರಿಗೆ ಈ ನೋಟ ಹೊಸದಲ್ಲ. ರಸ್ತೆಯ ಅಂಚಿನಲ್ಲೇ ನೆಲ್ಲು ಹರವಿರುತ್ತಾರೆ. ಕತ್ತಲಾದ ಮೇಲೆ ರಾಶಿಗೆ ತಾಡಪತ್ರಿ ಎಳೆದು, ಮನೆಯ ಹಿರಿಯರೊಬ್ಬರು ಪಕ್ಕದಲ್ಲೇ ಹೊರಸು ಹಾಕಿಕೊಂಡು ಮಲಗಿರುತ್ತಾರೆ. ಅಂತಹ ಒಂದು ರಾತ್ರಿ ಹಮಾಲಿ ಮಾಡುವ ಹುಡುಗನೊಬ್ಬ ಎರಡು ಚೀಲ ನೆಲ್ಲು ಹೊತ್ತುಕೊಂಡು ಹೋಗಿ ಸಿಕ್ಕಿಬಿದ್ದ ಎಂದಿಟ್ಟುಕೊಳ್ಳೋಣ. ಅವನದು ಮೊದಲ ತಪ್ಪು. ಅವನಿಗೆ ಏನಾಗಬೇಕು?

ಊರಿನ ಉತ್ತರ ನಮಗೆಲ್ಲ ಗೊತ್ತು. ಕಂಬಕ್ಕೆ ಕಟ್ಟುತ್ತಾರೆ, ಹೊಡೆಯುತ್ತಾರೆ, ಹೊಡೆಯುವುದನ್ನು ಮೊಬೈಲಿನಲ್ಲಿ ಹಿಡಿದು ಹಂಚುತ್ತಾರೆ. ಆಮೇಲೆ ಠಾಣೆ, ಕೋರ್ಟು, ಜಾಮೀನು ಕೊಡುವವರು ಸಿಗದೆ ಕಾರಾಗೃಹ. ಒಳಗೆ ಅವನಿಗೆ ಸಿಗುವ ಗುರುಗಳು ಎಂಥವರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗೆ ಬಂದ ಮೇಲೆ ಯಾವ ಗೋದಾಮಿನವರೂ ಅವನಿಗೆ ಚೀಲ ಹೊರಲು ಕರೆಯುವುದಿಲ್ಲ. ಎರಡು ಚೀಲದ ಕಳ್ಳ ಕಾಯಂ ಕಳ್ಳನಾಗುವ ದಾರಿ ಇದು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಇಲ್ಲಿ ಬೇರೊಂದು ಬಾಗಿಲು ತೆರೆದಿದೆ. ಅದರ 4ನೆಯ ಕಲಂನಲ್ಲಿ ಮರಣದಂಡನೆ, ಜೀವಾವಧಿ, ಸೆರೆವಾಸ, ಆಸ್ತಿ ಮುಟ್ಟುಗೋಲು, ದಂಡ ಇವುಗಳ ಸಾಲಿನ ಕೊನೆಗೆ ‘ಸಮುದಾಯ ಸೇವೆ’ ಎಂಬ ಹೊಸ ಶಿಕ್ಷೆ ಸೇರಿದೆ. ಕಳವಿನ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಆರೋಪಿ ಮೊದಲ ಸಲ ತಪ್ಪಿತಸ್ಥನಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ ವಿಧಿಸಬೇಕು ಎನ್ನುತ್ತದೆ 303ನೆಯ ಕಲಂ. ಎರಡು ಚೀಲ ನೆಲ್ಲಿನ ಬೆಲೆ ಸಾಮಾನ್ಯವಾಗಿ ಈ ಗೆರೆಯೊಳಗೇ ಇರುತ್ತದೆ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ರಂಪ ಮಾಡಿದವನಿಗೆ 355ನೆಯ ಕಲಂ ಒಂದು ದಿನದ ಸಾದಾ ಸೆರೆ ಅಥವಾ 1,000 ರೂಪಾಯಿವರೆಗಿನ ದಂಡದ ಜೊತೆಗೆ ಸೇವೆಯನ್ನೂ ಒಂದು ಆಯ್ಕೆಯಾಗಿ ಇಟ್ಟಿದೆ. ಮಾನನಷ್ಟ, ಸರ್ಕಾರಿ ನೌಕರ ಕಾನೂನು ಮೀರಿ ವ್ಯಾಪಾರಕ್ಕಿಳಿಯುವುದು, ಇಂತಹ ಇನ್ನು ಕೆಲವು ಅಪರಾಧಗಳೂ ಆ ಪಟ್ಟಿಯಲ್ಲಿವೆ.

ವಿಚಾರ ಇಂದಿನದೇನಲ್ಲ. 1978ರಲ್ಲೇ ಹಳೆಯ ದಂಡ ಸಂಹಿತೆಗೆ ಇದನ್ನು ಸೇರಿಸುವ ಮಸೂದೆ ರಾಜ್ಯಸಭೆಯಲ್ಲಿ ಅಂಗೀಕಾರವಾಗಿತ್ತು. ಲೋಕಸಭೆ ವಿಸರ್ಜನೆಯಾಗಿ ಬಿದ್ದುಹೋಯಿತು. ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ನಮ್ಮವರೇ ಆದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ, ದಂಡ ಕಟ್ಟಲಾಗದ ಬಡವನನ್ನು ಜೈಲಿಗೆ ಹಾಕುವ ಬದಲು ಸಮುದಾಯ ಸೇವೆ ಮಾಡಿಸಿ ಎಂದು ಶಿಫಾರಸು ಮಾಡಿತ್ತು. ಆ ಮಾತು ಕಾನೂನಾಗಲು ಇಪ್ಪತ್ತು ವರ್ಷ ಬೇಕಾಯಿತು.

ಆದರೆ ಕಾನೂನು ಅರ್ಧ ಹೇಳಿ ನಿಂತಿದೆ. ಸಮಾಜಕ್ಕೆ ಉಪಯೋಗವಾಗುವ, ಸಂಬಳವಿಲ್ಲದ, ನ್ಯಾಯಾಲಯ ಶಿಕ್ಷೆಯಾಗಿ ವಿಧಿಸುವ ಕೆಲಸ ಎಂದು ನಾಗರಿಕ ಸುರಕ್ಷಾ ಸಂಹಿತೆಯ 23ನೆಯ ಕಲಂ ವಿವರಿಸುತ್ತದೆ. ಎಷ್ಟು ಗಂಟೆ, ಎಲ್ಲಿ, ಯಾರ ಕಣ್ಣಳತೆಯಲ್ಲಿ ಎಂಬುದನ್ನು ಅದು ಹೇಳುವುದಿಲ್ಲ. ಮಾಡದೆ ತಪ್ಪಿಸಿಕೊಂಡರೆ ಸೆರೆವಾಸ ಎಂಬುದು ಮಾತ್ರ ನ್ಯಾಯ ಸಂಹಿತೆಯಲ್ಲಿ ಸ್ಪಷ್ಟವಾಗಿದೆ. ಅಂದರೆ ಹಾಜರಿ ಪುಸ್ತಕ ಹಿಡಿದು ಕುಳಿತವನು ‘ಬಂದ’ ಎಂದು ಬರೆದರೆ ಒಬ್ಬ ಮನುಷ್ಯ ಮನೆಗೆ ಹೋಗುತ್ತಾನೆ, ‘ಬರಲಿಲ್ಲ’ ಎಂದು ಬರೆದರೆ ಜೈಲಿಗೆ ಹೋಗಬಹುದು. ಆ ಪುಸ್ತಕ ಯಾರ ಕೈಯಲ್ಲಿರಬೇಕು ಎಂಬುದೇ ಈ ಸಂಪಾದಕೀಯದ ವಿಷಯ. ರಾಯಚೂರಿನಲ್ಲಿ ಕುಳಿತ ಅಧಿಕಾರಿ ವಾರವಾರ ಜವಳಗೇರಾಕ್ಕೆ ಬಂದು ನೋಡಲಾರರು. ಪೊಲೀಸರ ಕೈಗೆ ಕೊಟ್ಟರೆ ಅದು ಠಾಣೆಯ ಕಸ ಹೊಡೆಸುವಲ್ಲಿಗೆ ಮುಗಿಯುತ್ತದೆ. ಹಾಗಾದರೆ ಮಠಗಳು?

ನಮ್ಮ ಸೀಮೆಗೆ ಈ ಮಾತು ಹೊರಗಿನಿಂದ ಬರಬೇಕಾಗಿಲ್ಲ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಇದೇ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ಮೊದಲು ಹೋಗಿ ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದಳು. ಗಂಡನನ್ನು ಊರ ಮುಂದೆ ನಿಲ್ಲಿಸಿ ಅವಮಾನ ಮಾಡಲಿಲ್ಲ. ಹಿಂದಿರುಗಿಸಿದ ಮೇಲೆ ಮರುದಿನದ ಕಾಯಕ ಎಂದಿನಂತೆ ನಡೆಯಿತು. ಮಾಲು ಹಿಂದಿರುಗಿಸು, ಆಮೇಲೆ ಸೇವೆ ಎಂದು 303ನೆಯ ಕಲಂ ಇಂದು ಹೇಳುತ್ತಿರುವ ಕ್ರಮ ಆ ತಾಯಿಗೆ ಗೊತ್ತಿತ್ತು.

ಇನ್ನು ಉರಿಲಿಂಗಪೆದ್ದಿ ಶರಣರ ಕಥೆ. ಕನ್ನ ಹಾಕಲು ಹೋದ ಮನೆಯಲ್ಲಿ ಉರಿಲಿಂಗದೇವರು ಒಬ್ಬರಿಗೆ ದೀಕ್ಷೆ ಕೊಡುತ್ತಿರುವುದನ್ನು ಮರೆಯಲ್ಲಿ ನಿಂತು ನೋಡಿದ ಪೆದ್ದಣ್ಣ ಕಳವನ್ನು ಮರೆತ. ಮರುದಿನದಿಂದ ಮಠಕ್ಕೆ ದಿನಕ್ಕೊಂದು ಹೊರೆ ಸೌದೆ ತಂದು ಹಾಕತೊಡಗಿದ. ಎಷ್ಟೋ ಕಾಲ ಕಳೆದ ಮೇಲೆ ಅವನೇ ದೀಕ್ಷೆ ಪಡೆದು, ಅಸ್ಪೃಶ್ಯನೆಂದು ಕರೆಸಿಕೊಂಡ ಕುಲದಲ್ಲಿ ಹುಟ್ಟಿಯೂ, ಆ ಮಠದ ಪೀಠವನ್ನೇ ಏರಿದ. ನಮ್ಮ ಪ್ರವಚನಕಾರರು ಈ ಕಥೆಯಲ್ಲಿ ದೀಕ್ಷೆಯ ಭಾಗವನ್ನು ವಿಸ್ತರಿಸಿ ಸೌದೆಯ ಭಾಗವನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಸೌದೆ ಹೊತ್ತ ಆ ದಿನಗಳಲ್ಲಿ ಮಠದವರು ಅವನನ್ನು ಹೇಗೆ ಕಂಡಿರಬೇಕು ಎಂದು ಯೋಚಿಸುವುದು ನಮಗೆ ಇಂದು ಹೆಚ್ಚು ಅಗತ್ಯ.

ಇಷ್ಟು ಹೇಳಿದ ಕೂಡಲೇ ನಮ್ಮಲ್ಲಿ ಅನೇಕರು, ‘ಇದು ಕಾಯಕವೇ ಅಲ್ಲವೆ, ನಾವೇ ಮಾಡಿಸುತ್ತೇವೆ’ ಎಂದು ಮುಂದೆ ಬರುತ್ತಾರೆ. ದಯವಿಟ್ಟು ಸ್ವಲ್ಪ ನಿಲ್ಲಬೇಕು. ಇದು ಕಾಯಕವಲ್ಲ. ಕಾಯಕ ಮನಸ್ಸಿನಿಂದ ಒಪ್ಪಿ ಮಾಡುವ ದುಡಿಮೆ. ಅದಕ್ಕೆ ಪ್ರತಿಫಲವಿದೆ, ಆ ಪ್ರತಿಫಲದಿಂದಲೇ ದಾಸೋಹ. ನ್ಯಾಯಾಲಯದ ಆದೇಶದ ಮೇಲೆ ಕೂಲಿಯಿಲ್ಲದೆ ಮಾಡುವ ಕೆಲಸಕ್ಕೆ ಆ ಹೆಸರು ಕೊಟ್ಟರೆ ಎರಡಕ್ಕೂ ಅನ್ಯಾಯ. ಈ ಸೀಮೆಯ ಹಿರಿಯರಿಗೆ ಬಿಟ್ಟಿ ಚಾಕರಿ ಎಂದರೆ ಏನೆಂದು ನೆನಪಿದೆ. ಸಂವಿಧಾನದ 23ನೆಯ ವಿಧಿ ಬಿಟ್ಟಿಯನ್ನು ನಿಷೇಧಿಸಿದ ಮೇಲೂ ಜೀತ ಬಿಡಿಸಲು 1976ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಶಿಕ್ಷೆಯ ಹೆಸರಿನಲ್ಲಿ ಬಂದ ಹುಡುಗರಿಂದ ಮಠದ ಕಲ್ಯಾಣ ಮಂಟಪಕ್ಕೆ ಇಟ್ಟಿಗೆ ಹೊರಿಸಿದರೆ, ಮಠದ ಹೊಲದಲ್ಲಿ ಕಳೆ ತೆಗೆಸಿದರೆ, ನಾವು ಬಿಟ್ಟಿಯನ್ನು ವಿಭೂತಿ ಹಚ್ಚಿ ಒಳಗೆ ಕರೆದುಕೊಂಡಂತೆ. ಸೇವೆ ಸಮುದಾಯಕ್ಕೆ ಆಗಬೇಕು ಎಂದು ಕಾನೂನು ಹೇಳಿದೆ, ಮಠಕ್ಕೆ ಎಂದಲ್ಲ.

ಜಾತಿಯ ಮಾತನ್ನು ಇದಕ್ಕಿಂತ ಬಿಚ್ಚಿ ಹೇಳಬೇಕು. ಹತ್ತು ಜನರನ್ನು ಕೋರ್ಟು ಕಳಿಸಿತು ಎನ್ನಿ. ಅವರಲ್ಲಿ ಯಾರ ಕೈಗೆ ಪೊರಕೆ ಬರುತ್ತದೆ, ಯಾರ ಕೈಗೆ ಗ್ರಂಥಾಲಯದ ಪುಸ್ತಕ ಜೋಡಿಸುವ ಕೆಲಸ ಬರುತ್ತದೆ? ಹೆಸರು ಕೇಳಿ, ಓಣಿ ಕೇಳಿ ಕೆಲಸ ಹಂಚುವ ಅಭ್ಯಾಸ ನಮ್ಮ ಊರುಗಳಲ್ಲಿ ಸತ್ತಿಲ್ಲ. ನಮ್ಮ ಮಠಗಳಲ್ಲಿ ಪೂರ್ತಿ ಸತ್ತಿದೆ ಎಂದು ಎದೆ ತಟ್ಟಿ ಹೇಳುವ ಧೈರ್ಯ ಈ ಪತ್ರಿಕೆಗಿಲ್ಲ. ಮಾನನಷ್ಟದ ಮೊಕದ್ದಮೆಯಲ್ಲಿ ಶಿಕ್ಷೆಗೊಳಗಾದ ಗೌಡರ ಮಗನೂ ನೆಲ್ಲು ಕದ್ದ ಹಮಾಲನೂ ಒಂದೇ ಸರದಿಯಲ್ಲಿ ಆಸ್ಪತ್ರೆಯ ವರಾಂಡ ಒರೆಸಲಿ. ಅದು ಸಾಧ್ಯವಿಲ್ಲದ ಮಠ ಈ ಹೊಣೆಗೆ ಕೈಹಾಕದಿರುವುದೇ ಒಳಿತು.

ಕುಡಿತದ ಪ್ರಕರಣಗಳಲ್ಲಿ ಮಾತ್ರ ನಮಗೆ ನಿಜವಾದ ಅನುಭವದ ಬಂಡವಾಳವಿದೆ. ಲಿಂಗಸುಗೂರಿಗೆ ನೆರೆಯಲ್ಲೇ ಇರುವ ಇಳಕಲ್ಲಿನ ಡಾ. ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಹಣ ಬೇಡ, ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿ ಎಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಜೋಳಿಗೆ ಹಿಡಿದವರು ಕುಡುಕನ ಮನೆ ಬಾಗಿಲಿಗೆ ತಾವೇ ಹೋದರು ಎಂಬುದನ್ನು ಮರೆಯಬಾರದು. ಈಗ ಕೋರ್ಟು ಅವನನ್ನು ನಮ್ಮ ಬಾಗಿಲಿಗೆ ಕಳಿಸುತ್ತದೆ. ಬಲವಂತದಿಂದ ಬಂದವನ ಜೊತೆ ಮಾತಾಡುವುದು ಹೆಚ್ಚು ಕಷ್ಟ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ದಿನದ ಸೆರೆಗೆ ಬದಲಾಗಿ ಮೂವತ್ತು ದಿನದ ಸೇವೆ ಎಂದರೆ, ದಿನಗೂಲಿಯವನು ಒಂದು ದಿನ ಒಳಗಿದ್ದು ಬರುತ್ತೇನೆ ಎನ್ನುತ್ತಾನೆ. ತಪ್ಪೇನು? ಅವನು ಕೂಲಿ ಬಿಟ್ಟ ಪ್ರತಿ ದಿನ ಮನೆಯಲ್ಲಿ ಒಲೆ ಹೊತ್ತಿಸಬೇಕಾದವಳು ಅವನ ಹೆಂಡತಿ. ಆದ್ದರಿಂದ ದಿನದ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಇರಲಿ, ಕೂಲಿಯ ವೇಳೆ ತಪ್ಪಿಸಿ ಬೆಳಗ್ಗೆ ಅಥವಾ ಸಂಜೆ ಇರಲಿ, ನಾಟಿ ಕೊಯ್ಲಿನ ವಾರಗಳಲ್ಲಿ ಬಿಡುವು ಇರಲಿ ಎಂದು ನ್ಯಾಯಾಧೀಶರಲ್ಲಿ ಕೋರಬೇಕು. ಇಂಗ್ಲೆಂಡಿನಲ್ಲಿ 1972ರ ಕಾಯ್ದೆಯ ಮೂಲಕ ಈ ಪದ್ಧತಿ ತಂದಾಗ 40ರಿಂದ 240 ಗಂಟೆ ಎಂದು ಮೊದಲೇ ಗೆರೆ ಎಳೆದರು. ಅದಕ್ಕೆ ದಾರಿ ಮಾಡಿದ 1970ರ ವೂಟನ್ ಸಮಿತಿ, ಶಿಕ್ಷಿತರು ಸ್ವಯಂಸೇವಕರ ಜೊತೆ ಭುಜ ಕೊಟ್ಟು ದುಡಿಯಬೇಕೆಂದು ಬಯಸಿತ್ತು. ನಿಂತು ಆಜ್ಞೆ ಮಾಡುವವನಿಗೂ ಜೊತೆಗೆ ಬಗ್ಗಿ ದುಡಿಯುವವನಿಗೂ ಇರುವ ಅಂತರ ದಾಸೋಹ ಮನೆಯಲ್ಲಿ ಬೆಳೆದ ನಮಗೆ ತಿಳಿಯದ್ದಲ್ಲ.

ಮೇಲ್ವಿಚಾರಣೆ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ 2024ರ ಮೇ ತಿಂಗಳ ಪುಣೆಯ ಪ್ರಕರಣ ಕಣ್ಣ ಮುಂದಿದೆ. ಐಷಾರಾಮಿ ಕಾರು ಹರಿದು ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಕಾರು ನಡೆಸುತ್ತಿದ್ದನೆನ್ನಲಾದ ಹದಿನೇಳರ ಹುಡುಗನಿಗೆ 300 ಪದಗಳ ಪ್ರಬಂಧ ಬರೆಯುವುದು, ಹದಿನೈದು ದಿನ ಸಂಚಾರ ಪೊಲೀಸರ ಜೊತೆ ಕೆಲಸ ಮಾಡುವುದು ಇತ್ಯಾದಿ ಷರತ್ತಿನ ಮೇಲೆ ಗಂಟೆಗಳೊಳಗೆ ಜಾಮೀನು ಸಿಕ್ಕಿತು. ದೇಶ ಕೆರಳಿದ್ದು ನ್ಯಾಯವೇ. ಅದು ಶಿಕ್ಷೆಯಾಗಿರಲಿಲ್ಲ, ಜಾಮೀನಿನ ಷರತ್ತು ಎಂಬ ಭೇದ ನಿಜ. ಆದರೂ ಸೇವೆ ಎಂದರೆ ಉಳ್ಳವರು ಪಾರಾಗುವ ಕಿಂಡಿ ಎಂಬ ಭಾವನೆ ಜನರಲ್ಲಿ ಅಂದೇ ಬೇರೂರಿತು. ನೆಲ್ಲು ಕಳಕೊಂಡ ರೈತನಿಗೆ ಅದೇ ಅನುಮಾನ ಬಂದರೆ ಅವನು ಮತ್ತೆ ಕಂಬವನ್ನೇ ಹುಡುಕುತ್ತಾನೆ. ಅವನನ್ನೂ ಕೂಡಿಸಿಕೊಂಡು, ಏನು ಕೆಲಸ ಆಗುತ್ತಿದೆ, ಎಷ್ಟು ಗಂಟೆ ಮುಗಿದಿದೆ ಎಂದು ತೋರಿಸಬೇಕು.

ಕಾನೂನಿನಲ್ಲಿ ನಮಗೆ ಜಾಗವಿದೆಯೇ ಎಂದು ಕೇಳುವವರಿಗೆ: ಇದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 13ನೆಯ ಕಲಂ, ಸರ್ಕಾರ ಮಾನ್ಯ ಮಾಡಿದ ಸಂಘವು ಒದಗಿಸುವ ವ್ಯಕ್ತಿಯೂ ಪರಿವೀಕ್ಷಣಾಧಿಕಾರಿ ಆಗಬಹುದು ಎನ್ನುತ್ತದೆ. ಮೇಲ್ವಿಚಾರಣೆಯ ಜೊತೆಗೆ ಅಗತ್ಯವಿದ್ದಲ್ಲಿ ಕೆಲಸ ಹುಡುಕಿಕೊಡಲು ಪ್ರಯತ್ನಿಸುವುದೂ ಆ ಅಧಿಕಾರಿಯ ಕರ್ತವ್ಯ ಎಂದು ಮುಂದಿನ ಕಲಂ ಸೇರಿಸಿದೆ. 2015ರ ಬಾಲ ನ್ಯಾಯ ಕಾಯ್ದೆಯ 18ನೆಯ ಕಲಂ, ಬಾಲ ನ್ಯಾಯ ಮಂಡಳಿ ಗುರುತಿಸಿದ ಸಂಸ್ಥೆಯ ಅಥವಾ ವ್ಯಕ್ತಿಗಳ ಮೇಲ್ವಿಚಾರಣೆಯಲ್ಲಿ ಮಕ್ಕಳಿಂದ ಸಮುದಾಯ ಸೇವೆ ಮಾಡಿಸಲು ಅವಕಾಶ ಕೊಟ್ಟಿದೆ. ಇಷ್ಟು ವರ್ಷ ಈ ಬಾಗಿಲುಗಳನ್ನು ನಾವು ತಟ್ಟಲಿಲ್ಲ.

ತಟ್ಟುವ ಮೊದಲು ಮನೆ ಶುಚಿಯಾಗಿರಬೇಕು. ಮಕ್ಕಳನ್ನು ಕಳಿಸುವ ಮಾತು ಬಂದಾಗಲಂತೂ ಮಠದ ಒಳಗನ್ನು ಯಾವ ಹೊತ್ತಿನಲ್ಲಾದರೂ ಅಧಿಕಾರಿಗಳು ಬಂದು ನೋಡಬಹುದು ಎಂಬಷ್ಟು ತೆರೆದಿಡಬೇಕು. ಮಠಗಳ ಮೇಲೆ ಜನ ಎತ್ತಿರುವ ಪ್ರಶ್ನೆಗಳನ್ನು ಭಕ್ತಿಯಿಂದ ಮುಚ್ಚಲಾಗದು. ಹಾಜರಿ ಪುಸ್ತಕ ಪೂಜ್ಯರ ಕೈಯಲ್ಲಿ ಇರಬಾರದು ಎಂಬುದು ನಮ್ಮ ಅಭಿಪ್ರಾಯ. ಅವರ ಮುಂದೆ ಹುಡುಗ ‘ಆಗಲಿ ಅಪ್ಪಾಜಿ’ ಎನ್ನುತ್ತಾನೆಯೇ ಹೊರತು ‘ನನಗೆ ಅನ್ಯಾಯವಾಗಿದೆ’ ಎನ್ನಲಾರ. ಶಾಲೆಯ ಒಬ್ಬ ಶಿಕ್ಷಕಿ, ಒಬ್ಬ ಆಶಾ ಕಾರ್ಯಕರ್ತೆ, ಊರಿನ ಬೇರೆ ಬೇರೆ ಓಣಿಯ ಇಬ್ಬರು, ಇವರ ಕೈಗೆ ಪುಸ್ತಕ ಕೊಡಿ. ಬಂದವನು ಯಾವ ಧರ್ಮದವನೋ ಅದನ್ನೇ ಇಟ್ಟುಕೊಳ್ಳಲಿ. ಪ್ರಾರ್ಥನೆಗೆ ಕೂರು, ವಿಭೂತಿ ಧರಿಸು ಎಂಬುದು ಆದೇಶದ ಭಾಗವಲ್ಲ. ಅವನ ಫೋಟೊ ಯಾವ ವಾಟ್ಸಾಪ್ ಗುಂಪಿಗೂ ಹೋಗಬಾರದು, ಈ ಪತ್ರಿಕೆಗೂ ಬರಬಾರದು.

ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಮಠಗಳು ಈ ಶ್ರಾವಣದ ಪ್ರವಚನ ಆರಂಭವಾಗುವುದರೊಳಗೆ ತಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಒಮ್ಮೆ ಕಾಣಬೇಕೆಂದು ವಿನಂತಿಸುತ್ತೇವೆ. ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ನೆಲ್ಲು ಕದ್ದ ಆ ಹುಡುಗ ಮೊದಲ ದಿನ ಬಾಗಿಲಿಗೆ ಬಂದಾಗ ಯಾರು ಅವನನ್ನು ಮಾತಾಡಿಸುತ್ತಾರೆ, ಯಾವ ಕೆಲಸ ಕೊಡುತ್ತಾರೆ, ಹಾಜರಿ ತಪ್ಪಿದರೆ ಕೋರ್ಟಿಗೆ ಬರೆಯುವ ಮೊದಲು ಯಾರು ಅವನ ಮನೆಗೆ ಹೋಗಿ ಕಾರಣ ಕೇಳುತ್ತಾರೆ, ಪ್ರಸಾದದ ಪಂಕ್ತಿಯಲ್ಲಿ ಅವನ ಪಕ್ಕ ಯಾರು ಕೂರುತ್ತಾರೆ. ಆ ಹಾಳೆಯ ಒಂದು ಪ್ರತಿ ನಮಗೂ ಕಳಿಸಿದರೆ ಬರುವ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.